ಖಾಲಿ ಕ್ಯಾನ್‌ಗಳ ಬಿಸಿಗಾಳಿ ಪೆಟ್ಟಿಗೆ: ಟೊಮೆಟೊ ಒಣಗಿಸಲು ಮನೆಯಲ್ಲೇ ಕಟ್ಟಿಕೊಳ್ಳುವ ಬಗೆ

ಚಳಿ ದೇಶಗಳಲ್ಲಿ ತಂಪು ಪಾನೀಯದ ಖಾಲಿ ಕ್ಯಾನ್‌ಗಳನ್ನು ಕೊಳವೆಗಳಂತೆ ಜೋಡಿಸಿ, ಕಪ್ಪು ಬಳಿದು, ಗಾಜಿನ ಹಿಂದೆ ಕೂರಿಸಿ, ಆ ಪೆಟ್ಟಿಗೆಯನ್ನು ದಕ್ಷಿಣದ ಗೋಡೆಗೆ ಬಿಗಿದು ಕೋಣೆಯನ್ನು ಬೆಚ್ಚಗಿಡುವ ರೂಢಿಯಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ನಮಗೆ ಅದರ ಅಗತ್ಯವಿಲ್ಲ; ಇಲ್ಲಿ ಚಳಿ ಕಾಡುವುದು ರಾತ್ರಿಯ ಹೊತ್ತು, ಆಗ ಬಿಸಿಲೇ ಇರುವುದಿಲ್ಲ. ಆದರೆ ಅದೇ ಪೆಟ್ಟಿಗೆಯಿಂದ ಹೊರಡುವ 55ರಿಂದ 60 ಡಿಗ್ರಿ ಸೆಲ್ಸಿಯಸ್‌ನ ಬಿಸಿಗಾಳಿಗೆ ನಮ್ಮಲ್ಲಿ ಬೇರೆ ಕೆಲಸವಿದೆ. ಹದಿನೈದು ಕಿಲೋ ಬಾಕ್ಸಿಗೆ ಬರುವ ಬೆಲೆ ಕೀಳುವ ಕೂಲಿಗೂ ಸಾಲದಾದಾಗ ರಸ್ತೆ ಬದಿಗೆ ಸುರಿಯುವ ಟೊಮೆಟೊವನ್ನು, ನುಗ್ಗೆಸೊಪ್ಪನ್ನು, ಮೆಣಸಿನಕಾಯಿಯನ್ನು ಧೂಳಿಲ್ಲದೆ, ನೊಣ ಕೂರದಂತೆ ಒಣಗಿಸಲು ಈ ಗಾಳಿ ಸಾಕು. ಒಂದು ಮನೆಗೆ ಒದಗುವ ಅಳತೆಯ ಪೆಟ್ಟಿಗೆಯನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ರೇಷ್ಮೆಹುಳು ಮನೆಗೆ ಜೋಡಿಸಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಚಾಕಿ ಹುಳುಗಳಿಗೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆಯ ಹುಳುಗಳಿಗೆ, 27–28 ಡಿಗ್ರಿ ಶಾಖದ ಜೊತೆಗೆ ಶೇಕಡಾ 80ಕ್ಕಿಂತ ಹೆಚ್ಚಿನ ತೇವಾಂಶವೂ ಬೇಕು; ಈ ಪೆಟ್ಟಿಗೆ ಕೊಡುವ ಒಣಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಬೇಗ ಬಾಡುತ್ತದೆ. ಆದ್ದರಿಂದ ಆ ಬಳಕೆಯನ್ನು ನಾನು ಸೂಚಿಸುವುದಿಲ್ಲ.

ಅಳತೆ ಮತ್ತು ಲೆಕ್ಕ

ನಮ್ಮ ಬಯಲುಸೀಮೆಯಲ್ಲಿ ವರ್ಷದ ಸರಾಸರಿ ತೆಗೆದರೆ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸುಮಾರು ಐದೂವರೆ ಯೂನಿಟ್ ಶಕ್ತಿಯಷ್ಟು ಬಿಸಿಲು ಬೀಳುತ್ತದೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ತಲೆಯೆತ್ತಿರುವುದು ಈ ಬಿಸಿಲನ್ನು ನಂಬಿಯೇ. ಸಾಮಾನ್ಯ 330 ಮಿಲಿಲೀಟರ್ ಕ್ಯಾನಿನ ಅಡ್ಡಗಲ 66 ಮಿಲಿಮೀಟರ್, ಎತ್ತರ 115 ಮಿಲಿಮೀಟರ್. 12 ಕ್ಯಾನ್‌ಗಳ ಒಂದು ಕೊಳವೆಯಂತೆ 14 ಕೊಳವೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಬಿಸಿಲು ಹೀರುವ ಜಾಗ ಸುಮಾರು 1.3 ಚದರ ಮೀಟರ್ ಆಗುತ್ತದೆ. ಇದಕ್ಕೆ 168 ಕ್ಯಾನ್‌ಗಳು ಬೇಕು, ಕೆಡುವುದಕ್ಕೆಂದು ಇನ್ನು ಹತ್ತಿಪ್ಪತ್ತು ಇರಲಿ. ಪೆಟ್ಟಿಗೆಯ ಒಳ ಅಗಲ 38 ಅಂಗುಲ, ಒಳ ಉದ್ದ 66 ಅಂಗುಲ, ಆಳ 6 ಅಂಗುಲ.

ಟೊಮೆಟೊದಲ್ಲಿ ಶೇಕಡಾ 94–95ರಷ್ಟು ನೀರೇ ಇರುತ್ತದೆ. ಐದು ಕಿಲೋ ಹಣ್ಣನ್ನು ಪೂರ್ತಿ ಒಣಗಿಸಲು ನಾಲ್ಕೂವರೆ ಕಿಲೋಗಿಂತ ಹೆಚ್ಚು ನೀರನ್ನು ಆವಿಯಾಗಿಸಬೇಕು, ಕೊನೆಗೆ ಕೈಗೆ ಸಿಗುವುದು ಸುಮಾರು 300 ಗ್ರಾಂ. ಬಿದ್ದ ಬಿಸಿಲಿನ ಅರ್ಧದಷ್ಟು ಮಾತ್ರ ಗಾಳಿಗೆ ಸೇರುತ್ತದೆ, ಆ ಗಾಳಿಯ ಶಾಖದಲ್ಲೂ ಅರ್ಧಕ್ಕಿಂತ ಕಡಿಮೆ ಪಾಲು ಹಣ್ಣಿನ ನೀರನ್ನು ಎಬ್ಬಿಸುತ್ತದೆ ಎಂದು ಎಣಿಸಿದರೆ, ಈ ಅಳತೆಯ ಪೆಟ್ಟಿಗೆ ಮೋಡವಿಲ್ಲದ ದಿನವೊಂದರಲ್ಲಿ ಎರಡು ಕಿಲೋ ನೀರನ್ನು ತೆಗೆಯಬಲ್ಲದು. ಅಂದರೆ ಐದು ಕಿಲೋ ಹಣ್ಣಿಗೆ ಎರಡು ಮೂರು ದಿನ ಬೇಕು. ಬಾಕ್ಸ್‌ಗಟ್ಟಲೆ ಒಣಗಿಸುವ ಆಸೆಯಿದ್ದವರು ಇದೇ ಪೆಟ್ಟಿಗೆಯನ್ನು ದೊಡ್ಡದು ಮಾಡುವುದಕ್ಕಿಂತ ಇಂಥವೇ ಮೂರು ನಾಲ್ಕನ್ನು ಕಟ್ಟುವುದು ಮೇಲು. ಗಾಜು ದೊಡ್ಡದಾದಷ್ಟೂ ಎತ್ತುವುದು, ಕೂರಿಸುವುದು, ಒಡೆದರೆ ಬದಲಿಸುವುದು ಎಲ್ಲವೂ ಕಷ್ಟವಾಗುತ್ತದೆ.

ಕ್ಯಾನ್‌ಗಳ ಕೆಲಸ

ಗುಜರಿ ಅಂಗಡಿಗೆ ಬರುವ ಕ್ಯಾನ್‌ಗಳು ಹೆಚ್ಚಾಗಿ ತುಳಿದು ಚಪ್ಪಟೆಯಾಗಿರುತ್ತವೆ. ಆದ್ದರಿಂದ ಗುಜರಿಯವರಿಗೆ ಮೊದಲೇ ಹೇಳಿಡಬೇಕು, ಇಲ್ಲವೇ ಬೇಕರಿ, ಬಾರ್, ಕಲ್ಯಾಣ ಮಂಟಪಗಳಲ್ಲಿ ನೇರವಾಗಿ ಕೇಳಿ ಪಡೆಯಬೇಕು. ಒಂದು ಕ್ಯಾನ್ 13–14 ಗ್ರಾಂ ತೂಗುವುದರಿಂದ ಎರಡೂವರೆ ಕಿಲೋದಷ್ಟು ಕೊಂಡರೆ ಸಾಕಾಗುತ್ತದೆ. ಅಯಸ್ಕಾಂತಕ್ಕೆ ಅಂಟಿಕೊಳ್ಳುವವು ಕಬ್ಬಿಣದವು, ಅವು ಬೇಡ. ಅಲ್ಯೂಮಿನಿಯಂ ಶಾಖವನ್ನು ಬೇಗ ದಾಟಿಸುತ್ತದೆ, ತುಕ್ಕನ್ನೂ ಹಿಡಿಯುವುದಿಲ್ಲ. ತಂದ ದಿನವೇ ಬಿಸಿನೀರು, ಸಾಬೂನಿನಿಂದ ತೊಳೆದು ಬೋರಲು ಹಾಕಿ ಒಣಗಿಸಬೇಕು, ಇಲ್ಲದಿದ್ದರೆ ಸಕ್ಕರೆಯ ಅಂಟಿಗೆ ಇರುವೆ ಮುತ್ತುತ್ತದೆ.

ಮುಂದಿನ ಕೆಲಸಕ್ಕೆ ದಪ್ಪ ಕೈಗವಸು ಕಡ್ಡಾಯ. ಕತ್ತರಿಸಿದ ಕ್ಯಾನಿನ ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ. ಮೇಲಿನ ಮುಚ್ಚಳದಲ್ಲಿ ಹೊರಗಿನ ಉಂಗುರವನ್ನು ಹಾಗೆಯೇ ಬಿಟ್ಟು, ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ (ಹೋಲ್ ಸಾ) ಬಳಸಿ ಒಂದೂವರೆ ಅಂಗುಲದ ತೂತು ಕೊರೆಯಬೇಕು. ಆ ಉಂಗುರದೊಳಗೆ ಮೇಲಿನ ಕ್ಯಾನಿನ ತಳ ಕೂರುವುದರಿಂದ ಕೊಳವೆ ನೆಟ್ಟಗೆ ನಿಲ್ಲುತ್ತದೆ. ತಳದಲ್ಲಿ ಒಂದೇ ದೊಡ್ಡ ತೂತಿನ ಬದಲು ಮುಕ್ಕಾಲು ಅಂಗುಲದ ಮೂರು ತೂತುಗಳಿರಲಿ. ಇದಕ್ಕೆ ಕಾರಣವಿದೆ. ನೇರವಾದ ನುಣುಪು ಕೊಳವೆಯಲ್ಲಿ ಗೋಡೆಗೆ ತಾಗಿದ ಗಾಳಿ ಮಾತ್ರ ಬಿಸಿಯಾಗುತ್ತದೆ, ನಡುವಿನ ಗಾಳಿ ತಣ್ಣಗೇ ದಾಟಿಹೋಗುತ್ತದೆ. ಪ್ರತಿ ಕ್ಯಾನಿನ ತಳದಲ್ಲೂ ಗಾಳಿ ಮೂರು ಕವಲಾಗಿ ಒಡೆದು, ಸುಳಿದು, ಮತ್ತೆ ಬೆರೆಯುವುದರಿಂದ ಎಲ್ಲ ಗಾಳಿಯೂ ಗೋಡೆಯನ್ನು ತಾಗುತ್ತದೆ. ನೂರೈವತ್ತಕ್ಕೂ ಹೆಚ್ಚು ಕ್ಯಾನ್‌ಗಳಿಗೆ ಹೀಗೆ ತೂತು ಕೊರೆಯುವುದು ಬೇಸರದ ಕೆಲಸ, ಆದರೂ ಇದನ್ನು ಬಿಡಬಾರದು.

ಎರಡು ಹಲಗೆಗಳನ್ನು ಲಂಬಕೋನಕ್ಕೆ ಮೊಳೆ ಹೊಡೆದು ಉದ್ದನೆಯ ದೋಣಿಯಂತೆ ಮಾಡಿಕೊಂಡು, ಅದರಲ್ಲಿ ಕ್ಯಾನ್‌ಗಳನ್ನು ಮಲಗಿಸಿ, ಪ್ರತಿ ಕೂಡಿಕೆಗೂ ಎಂಜಿನ್ ಗ್ಯಾಸ್ಕೆಟ್‌ಗೆ ಬಳಸುವ ಶಾಖ ತಡೆಯುವ ಸಿಲಿಕೋನ್ ಹಚ್ಚಿ ಅಂಟಿಸಬೇಕು. ಒಂದು ಇಡೀ ದಿನ ಅಲುಗಿಸದೆ ಬಿಡಬೇಕು. ಆಮೇಲೆ ಹೊರಮೈಯನ್ನು ಮರಳು ಕಾಗದದಿಂದ ಉಜ್ಜಿ, ಬೈಕಿನ ಸೈಲೆನ್ಸರಿಗೆ ಹೊಡೆಯುವ, ಹೊಳಪಿಲ್ಲದ ಕಪ್ಪು ಬಣ್ಣವನ್ನು ತೆಳುವಾಗಿ ಎರಡು ಸಲ ಹೊಡೆಯಬೇಕು. ಬಣ್ಣ ಹೊರಗಡೆ ಮಾತ್ರ ಇರಲಿ. ಟೊಮೆಟೊ ಕಡೆಗೆ ಹೋಗುವ ಗಾಳಿ ಕ್ಯಾನಿನ ಒಳಗೆ ಹರಿಯುತ್ತದೆ.

ಪೆಟ್ಟಿಗೆ

ಬೆನ್ನಿಗೆ 12 ಮಿಲಿಮೀಟರ್‌ನ ವಾಟರ್‌ಪ್ರೂಫ್ ಪ್ಲೈವುಡ್, ಪಕ್ಕಗಳಿಗೆ ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಹಲಗೆ ಸಾಕು. ನಮ್ಮಲ್ಲಿ ನೀಲಗಿರಿ ಮರ ಬೇಕಾದಷ್ಟು ಸಿಗುತ್ತದೆ, ಆದರೆ ಬಿಸಿಲಿಗೆ ಸೊಟ್ಟಗಾಗಿ ಸೀಳುವ ಆ ಮರದ ಚೌಕಟ್ಟಿನಲ್ಲಿ ಗಾಜು ಉಳಿಯುವುದಿಲ್ಲ. ಅದನ್ನು ಸ್ಟ್ಯಾಂಡಿನ ಕಾಲುಗಳಿಗೆ ಬಳಸಬಹುದು. ತಳದಲ್ಲಿ ಎರಡು ಅಂಗುಲ ದಪ್ಪಕ್ಕೆ ಶಾಖ ತಡೆಯುವ ಪದರ ಬೇಕು. ಥರ್ಮೋಕೋಲ್ ಹಾಕಲೇಬಾರದು, ಅದು 80 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗಿ ಕುಗ್ಗುತ್ತದೆ. ಕಲ್ಲು ಕರಗಿಸಿ ಎಳೆದ ನಾರಿನ ಹಾಸು, ಅಂದರೆ ರಾಕ್‌ವೂಲ್, ಉತ್ತಮ. ತಿಪಟೂರು, ಗುಬ್ಬಿಯ ಕಡೆ ಧಾರಾಳವಾಗಿ ಸಿಗುವ ತೆಂಗಿನ ನಾರನ್ನು ಒಣಗಿಸಿ ಒತ್ತಾಗಿ ತುಂಬಿದರೆ ಅದೂ ನಡೆಯುತ್ತದೆ, ಇಲಿ ನುಸುಳದಂತೆ ಸಂದುಗಳನ್ನು ಮುಚ್ಚಿದ್ದರಾಯಿತು. ಅದರ ಮೇಲೆ ಆಫ್‌ಸೆಟ್ ಮುದ್ರಣಾಲಯದವರು ಬಳಸಿ ಬಿಟ್ಟ ಅಲ್ಯೂಮಿನಿಯಂ ಪ್ಲೇಟುಗಳನ್ನು ಹಾಸಬೇಕು.

ಪೆಟ್ಟಿಗೆಯ ಬುಡದಲ್ಲೂ ತಲೆಯಲ್ಲೂ ತಲಾ 6 ಅಂಗುಲ ಬಿಟ್ಟು ಅಡ್ಡ ಹಲಗೆ ಕೂರಿಸಿ, ಅವುಗಳಲ್ಲಿ ಕೊಳವೆಯ ತುದಿ ಬಿಗಿಯಾಗಿ ಹಿಡಿಸುವಂಥ 14 ತೂತು ಕೊರೆಯಬೇಕು. ಹೀಗೆ ಉಂಟಾಗುವ ಎರಡು ಗಾಳಿಗೂಡುಗಳಲ್ಲಿ ಕೆಳಗಿನದು ತಣ್ಣನೆಯ ಗಾಳಿಯನ್ನು ಹಂಚುತ್ತದೆ, ಮೇಲಿನದು ಬಿಸಿಗಾಳಿಯನ್ನು ಕೂಡಿಸಿಕೊಳ್ಳುತ್ತದೆ. ಇವುಗಳ ಒಳಮೈಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿ, ಗಾಜಿನ ಕಡೆಯನ್ನು ತಗಡಿನಿಂದ ಮುಚ್ಚಬೇಕು. ಗಾಳಿ ಒಳಬರುವ ಬಾಯಿ ಕೆಳಗೆ ಎಡ ಮೂಲೆಯಲ್ಲಿದ್ದರೆ ಹೊರಹೋಗುವ ಬಾಯಿ ಮೇಲೆ ಬಲ ಮೂಲೆಯಲ್ಲಿರಬೇಕು. ಆಗ ಯಾವ ಕೊಳವೆಯಲ್ಲಿ ಹಾದರೂ ಗಾಳಿ ಸಾಗುವ ದೂರ ಒಂದೇ ಆಗಿ, ಎಲ್ಲ ಕೊಳವೆಗಳೂ ಹೆಚ್ಚುಕಡಿಮೆ ಸಮನಾಗಿ ದುಡಿಯುತ್ತವೆ. ಕ್ಯಾನ್‌ಗಳಿಗೂ 4 ಮಿಲಿಮೀಟರ್‌ನ ಟಫನ್ಡ್ ಗಾಜಿಗೂ ನಡುವೆ ಒಂದು ಅಂಗುಲ ಅಂತರವಿರಲಿ. ಕೋತಿಗಳ ಕಾಟವಿರುವಲ್ಲಿ ಗಾಜಿನ ಬದಲು ಪಾಲಿಕಾರ್ಬೊನೇಟ್ ಶೀಟ್ ಹಾಕುವುದು ಕ್ಷೇಮ.

ಗಾಳಿಯ ಹರಿವು

ಪೆಟ್ಟಿಗೆ ಎಷ್ಟು ಬಿಸಿಯಾಯಿತು ಎಂಬುದನ್ನೇ ಹಲವರು ಅದರ ಯೋಗ್ಯತೆಯೆಂದು ತಿಳಿಯುತ್ತಾರೆ. ಗಾಳಿ ನಿಂತರೆ ಪೆಟ್ಟಿಗೆಯ ಒಳಗೆ ನೂರು ಡಿಗ್ರಿ ದಾಟಬಹುದು, ಆದರೆ ಆ ಶಾಖದಿಂದ ಒಂದು ಹೋಳೂ ಒಣಗದು. ನೀರನ್ನು ಹೊತ್ತು ಹೊರಗೆ ಹಾಕುವುದು ಹರಿಯುವ ಗಾಳಿ. ಈ ಪೆಟ್ಟಿಗೆಯಿಂದ ಗಂಟೆಗೆ ಸುಮಾರು 50 ಘನ ಮೀಟರ್ ಗಾಳಿ ಸಾಗಿದರೆ, ನಡುಹಗಲಿನ ಬಿಸಿಲಿನಲ್ಲಿ ಅದರ ಉಷ್ಣತೆ ಹೊರಗಿನದಕ್ಕಿಂತ 30 ಡಿಗ್ರಿಯಷ್ಟು ಏರುತ್ತದೆ. ಹೊರಗೆ 28 ಇದ್ದರೆ ತಟ್ಟೆಗಳಿಗೆ 58 ಡಿಗ್ರಿಯ ಗಾಳಿ ತಲುಪುತ್ತದೆ. ಟೊಮೆಟೊಗೆ ಅದೇ ಹದ. 65 ದಾಟಿದರೆ ಹೋಳಿನ ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ಮುಂದೆ ಡಬ್ಬಿಯಲ್ಲಿ ಬೂಷ್ಟು ಬರುವುದು ಅಂಥ ಹೋಳುಗಳಿಗೇ.

ಇಷ್ಟು ಗಾಳಿಗೆ ಕಂಪ್ಯೂಟರಿನ 120 ಮಿಲಿಮೀಟರ್, 12 ವೋಲ್ಟ್ ಫ್ಯಾನ್ ಒಂದು ಸಾಕು. ಅದನ್ನು 10 ವಾಟ್‌ನ ಸಣ್ಣ ಸೋಲಾರ್ ಪ್ಯಾನೆಲ್‌ಗೆ ಜೋಡಿಸಿದರೆ ಬಿಸಿಲಿನೊಂದಿಗೆ ತಾನೇ ಶುರುವಾಗುತ್ತದೆ, ಬಿಸಿಲು ಇಳಿದಾಗ ತಾನೇ ನಿಲ್ಲುತ್ತದೆ. ‘12 ವೋಲ್ಟ್’ ಎಂದು ಮಾರುವ ಪ್ಯಾನೆಲ್ ಕಡಿಮೆ ಹೊರೆಯಲ್ಲಿ 18–20 ವೋಲ್ಟ್ ಕೊಡುವುದರಿಂದ, ನಡುವೆ 12 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್ ಹಾಕದಿದ್ದರೆ ಫ್ಯಾನ್ ಸುಟ್ಟುಹೋಗಬಹುದು. ಫ್ಯಾನನ್ನು ಕೆಳಗಿನ ತಣ್ಣನೆಯ ಬಾಯಿಯಲ್ಲಿ, ಗಾಳಿಯನ್ನು ಒಳಗೆ ದೂಡುವಂತೆ ಕೂರಿಸಬೇಕು. ಮೇಲೆ ಕೂರಿಸಿದರೆ ಬಿಸಿಗೆ ಬೇರಿಂಗ್ ಕೆಡುತ್ತದೆ. ಅಲ್ಲದೆ ಎಲ್ಲಾದರೂ ಬಿರುಕಿದ್ದರೆ ಅಲ್ಲಿಂದ ಧೂಳನ್ನು ಒಳಗೆಳೆಯುತ್ತದೆ. ಬಾಯಿಗೆ ಸೊಳ್ಳೆ ಜಾಲರಿ ಇರಲಿ. ಫ್ಯಾನ್ ತಿರುಗುವಾಗ ಕೂಡಿಕೆಗಳ ಪಕ್ಕ ಊದುಬತ್ತಿ ಹಿಡಿದು ನೋಡಿದರೆ, ಹೊಗೆ ಅಲುಗಿದಲ್ಲಿ ಸೋರಿಕೆಯಿದೆ ಎಂದು ತಿಳಿಯುತ್ತದೆ.

ಬಿಸಿಗಾಳಿಯನ್ನು ಒಣಗಿಸುವ ಕಪಾಟಿಗೆ ಒಯ್ಯಲು ಪಿವಿಸಿ ಪೈಪ್ ಬೇಡ, ಶಾಖಕ್ಕೆ ಅದು ಮೆತ್ತಗಾಗುತ್ತದೆ. ಅಡುಗೆಮನೆಯ ಚಿಮಣಿಗೆ ಹಾಕುವ 4 ಅಂಗುಲದ ಅಲ್ಯೂಮಿನಿಯಂ ಪೈಪಿಗೆ ಗೋಣಿತಾಟು ಸುತ್ತಿ ಬಳಸಬಹುದು. ಕಪಾಟಿನಲ್ಲಿ ಎರಡಡಿ ಚೌಕದ ನಾಲ್ಕು ತಟ್ಟೆಗಳು 4 ಅಂಗುಲದ ಅಂತರದಲ್ಲಿರಲಿ. ಗಾಳಿ ಕೆಳಗಿನಿಂದ ಬಂದು, ಮೇಲೆ ಜಾಲರಿ ಕಟ್ಟಿದ ಕಿಂಡಿಯಿಂದ ಹೋಗಲಿ. ತಟ್ಟೆಯ ಜಾಲರಿ ಸ್ಟೀಲಿನದೇ ಆಗಬೇಕು, ಟೊಮೆಟೊದ ಹುಳಿ ಸತುವಿನ ಲೇಪದ ತಂತಿಯನ್ನು ತಿನ್ನುತ್ತದೆ.

ಕೂರಿಸುವುದು, ಒಣಗಿಸುವುದು

ಪೆಟ್ಟಿಗೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಫೆಬ್ರವರಿಯಿಂದ ಮೇ ತನಕ 15 ಡಿಗ್ರಿ ಓರೆ ಸಾಕು, ಅಂದರೆ ತಲೆಯ ಭಾಗ ಬುಡಕ್ಕಿಂತ ಒಂದೂವರೆ ಅಡಿ ಎತ್ತರ. ನವೆಂಬರಿನಿಂದ ಜನವರಿಯವರೆಗೆ ಅದನ್ನು 34 ಅಂಗುಲಕ್ಕೆ ಏರಿಸಿದರೆ 30 ಡಿಗ್ರಿಯಾಗುತ್ತದೆ. ಸ್ಟ್ಯಾಂಡಿನಲ್ಲಿ ಈ ಎರಡು ಎತ್ತರಗಳಿಗೆ ಕಚ್ಚು ಮಾಡಿಟ್ಟುಕೊಂಡರೆ ಸಾಕು.

ಮೊದಲ ಕೆಲವು ದಿನ ಕಪಾಟಿಗೆ ಜೋಡಿಸದೆ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಖಾಲಿ ಓಡಿಸಿ, ಬಿಸಿಗಾಳಿಯ ಬಾಯಿಗೆ ಒದ್ದೆ ಬಿಳಿ ಬಟ್ಟೆ ಹಿಡಿದು ಮೂಸಿ ನೋಡಬೇಕು. ಬಣ್ಣದ, ಸಿಲಿಕೋನಿನ ವಾಸನೆ ಪೂರ್ತಿ ಹೋಗುವವರೆಗೆ ತಿನ್ನುವ ಯಾವ ಪದಾರ್ಥವನ್ನೂ ಇಡಬಾರದು. ಈ ಒಂದು ವಿಷಯದಲ್ಲಿ ಅವಸರ ಸಲ್ಲದು.

ನಾಟಿ ಟೊಮೆಟೊದಲ್ಲಿ ರಸ, ಬೀಜ ಹೆಚ್ಚು. ಒಣಗಿಸಲು ತಿರುಳು ದಪ್ಪವಿರುವ, ಮೊಟ್ಟೆಯಾಕಾರದ ಹೈಬ್ರಿಡ್ ಹಣ್ಣೇ ಸೂಕ್ತ. ತೊಳೆದು, 8 ಮಿಲಿಮೀಟರ್ ದಪ್ಪಕ್ಕೆ ಕೊಯ್ದು, ತಟ್ಟೆಗೆ ಒಂದೂಕಾಲು ಕಿಲೋದಂತೆ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರದಲ್ಲಿ ಹರಡಬೇಕು. ಬೆಳಿಗ್ಗೆ ಒಂಬತ್ತರೊಳಗೆ ಹಾಕಿದರೆ ಇಡೀ ದಿನದ ಬಿಸಿಲು ಸಿಗುತ್ತದೆ. ಕೆಳಗಿನ ತಟ್ಟೆ ಬೇಗ ಒಣಗುವುದರಿಂದ ಮಧ್ಯಾಹ್ನ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸಬೇಕು. ಸಂಜೆ ಫ್ಯಾನ್ ನಿಧಾನವಾಗುತ್ತಿದ್ದಂತೆ ಕಪಾಟಿನ ಎರಡೂ ಕಿಂಡಿಗಳನ್ನು ಮುಚ್ಚದಿದ್ದರೆ ರಾತ್ರಿಯ ತೇವ ಮತ್ತೆ ಹೋಳಿಗೆ ಸೇರುತ್ತದೆ. ಮರುದಿನ ಮೋಡ ಕವಿದರೆ ಅರೆ ಒಣಗಿದ ಹೋಳುಗಳನ್ನು ಫ್ರಿಜ್ಜಿನಲ್ಲಿಟ್ಟು ಕಾಯುವುದು ಒಳ್ಳೆಯದು. ನುಗ್ಗೆಸೊಪ್ಪಿಗೆ 45–50 ಡಿಗ್ರಿ ಮೀರಬಾರದು, ಬಿತ್ತನೆ ಬೀಜಕ್ಕಂತೂ 40ಕ್ಕಿಂತ ಹೆಚ್ಚು ಬೇಡ. ಗಾಜಿನ ಒಂದು ಭಾಗಕ್ಕೆ ಬಟ್ಟೆ ಹೊದಿಸಿ ಶಾಖವನ್ನು ಇಳಿಸಬಹುದು.

ಚರ್ಮದಂತೆ ಬಾಗುವ, ಹಿಸುಕಿದರೆ ಪಸೆ ಕಾಣದ ಹೋಳು ಸಾರು, ಗೊಜ್ಜಿಗೆ ತಯಾರು. ಪುಡಿ ಮಾಡುವುದಾದರೆ ಮುರಿದಾಗ ಚಟಕ್ಕೆಂದು ತುಂಡಾಗುವವರೆಗೆ ಒಣಗಿಸಬೇಕು. ಆರಿದ ಮೇಲೆ ಗಾಜಿನ ಭರಣಿಗೆ ತುಂಬಿ ಒಂದು ವಾರ ದಿನವೂ ಕುಲುಕಿ ನೋಡಿ. ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ಕಪಾಟಿಗೆ ಹೋಗಬೇಕು. ಪುಡಿ ತೇವ ಹೀರಿ ಗಂಟು ಕಟ್ಟುವುದರಿಂದ ಹೋಳಾಗಿಯೇ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೊಳ್ಳುವುದು ಲೇಸು.

ಪೆಟ್ಟಿಗೆಯನ್ನು ಬಳಸದ ದಿನಗಳಲ್ಲಿ ಗಾಜಿನ ಮೇಲೆ ಟಾರ್ಪಾಲ್ ಹೊದಿಸಿಡಬೇಕು. ಗಾಳಿ ಹರಿಯದೆ ಕಾದು ಕಾದು ಸಿಲಿಕೋನ್ ಬಿರಿಯುವುದು ಅದರಿಂದ ತಪ್ಪುತ್ತದೆ. ಮಳೆಗಾಲ ಕಳೆದ ಮೇಲೆ ಪೆಟ್ಟಿಗೆಯನ್ನು ಮತ್ತೆ ತೆರೆಯುವಾಗ ನಾರಿನ ಪದರ ಒದ್ದೆಯಾಗಿದೆಯೇ ಎಂದು ನೋಡಿ, ಊದುಬತ್ತಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಗಾಜಿನ ಧೂಳು ಒರೆಸಿ ಕೆಲಸಕ್ಕೆ ಹಚ್ಚಬಹುದು.