ಸೋಡಾ ಬದಿಗಿಡಿ, ಹೊಗೆ ಹುಡುಕಿ: ಕಡಲ ತೀರದ ಸಿಂಗಲ್ ಮಾಲ್ಟ್ ಸವಿಯುವುದು ಹೇಗೆ?

ಬೆಳಗಾವಿಯಲ್ಲಿ ವಿಸ್ಕಿ ಅಂದರೆ ಸೋಡಾ, ಐಸ್, ಜೊತೆಗೆ ಖಾರದ ಶೇಂಗಾ. ದಿನದ ದಣಿವಿಗೆ ಅದು ಸರಿಯೇ. ಆದರೆ ಕಡಲ ತೀರದ ಹಗುರ ಹೊಗೆಯ ಸಿಂಗಲ್ ಮಾಲ್ಟ್‌ಗೂ, ಅಂದರೆ ಒಂದೇ ಕಡೆ ಬರೀ ಮಾಲ್ಟ್‌ನಿಂದ ಬಟ್ಟಿ ಇಳಿಸಿದ ವಿಸ್ಕಿಗೂ, ಅದೇ ಪದ್ಧತಿ ಹಿಡಿದರೆ ದುಡ್ಡೂ ಹೋಯಿತು, ರುಚಿಯೂ ಹೋಯಿತು. ಇದರ ಹೊಗೆ ತುಂಬಾ ನಾಜೂಕು. ಐಸ್ ಬಿದ್ದರೆ ಮುದುಡುತ್ತದೆ, ಸೋಡಾ ಸುರಿದರೆ ಮುಳುಗಿಯೇ ಹೋಗುತ್ತದೆ.

ಈ ಹೊಗೆ ಬರುವುದು ಎಲ್ಲಿಂದ? ನೆನೆಸಿ ಮೊಳಕೆ ಬರಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಒಣಗಿಸುವಾಗ ಪೀಟ್ ಉರಿಸುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಗಟ್ಟಿಯಾದ ಪಾಚಿ, ಹುಲ್ಲು, ಗಿಡಗಂಟಿಯೇ ಪೀಟ್. ಅದರ ಹೊಗೆಯಲ್ಲಿರುವ ಫೀನಾಲ್‌ ಎಂಬ ರಾಸಾಯನಿಕಗಳು ಒದ್ದೆ ಕಾಳಿಗೆ ಅಂಟಿಕೊಳ್ಳುತ್ತವೆ. ಎಷ್ಟು ಅಂಟಿವೆ ಅನ್ನುವುದನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಪಾಲು ಅಂತ ಅಳೆಯುತ್ತಾರೆ. 15ರ ಒಳಗಿದ್ದರೆ ಸಾಮಾನ್ಯವಾಗಿ ಹಗುರ ಅನ್ನುತ್ತಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಆರ್ಡ್‌ಬೆಗ್‌ನಂಥ ವಿಸ್ಕಿಗಳು 50 ದಾಟುತ್ತವೆ.

ಚಳಿಗಾಲದಲ್ಲಿ ಹೊಲದಲ್ಲೇ ಕುಳ್ಳಿನ ಕೆಂಡದ ಮೇಲೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ತಿನ್ನುವ ಸೀತನಿ ನೆನಪಿಸಿಕೊಳ್ಳಿ. ಮೊದಲು ಹೊಗೆ, ಅದರ ಬೆನ್ನಿಗೇ ಎಳೆ ಜೋಳದ ಸಿಹಿ. ಹಗುರ ಪೀಟ್‌ನ ಮಾಲ್ಟ್‌ನಲ್ಲೂ ಹೊಗೆ ಸರಿದ ಮೇಲೆ ಬರುವ ಆ ಕಾಳಿನ ಸಿಹಿಗೇ ಕಾಯಬೇಕು.

ಯಾವ ಬಾಟಲಿ?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಬಂದರು ಊರಿನ ಓಬನ್ 14 ವರ್ಷದ್ದು ಮೊದಲ ಸಲಕ್ಕೆ ಒಳ್ಳೆಯದು. 1794ರಿಂದ ಇರುವ ಡಿಸ್ಟಿಲರಿ, ಅಂದರೆ ಬಟ್ಟಿ ಇಳಿಸುವ ಕಾರ್ಖಾನೆ ಅದು. ಸ್ಕೈ ದ್ವೀಪದ ಟಾಲಿಸ್ಕರ್ 10ರಲ್ಲಿ ಹೊಗೆ ಒಂದು ಕೈ ಜಾಸ್ತಿ, ಕೊನೆಗೆ ಮೆಣಸಿನ ಚುರುಕು. ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ನಮಗೆ ಹತ್ತಿರದ್ದು ಬೇಕೆಂದರೆ ದಕ್ಷಿಣ ಗೋವಾದ ಕುಂಕೊಳ್ಳಿಯಲ್ಲಿ ತಯಾರಾಗುವ ಪಾಲ್ ಜಾನ್ ಎಡಿಟೆಡ್ ಇದೆ. ಇದರಲ್ಲಿ ಆಲ್ಕೋಹಾಲ್ ಶೇ 46. ಗೋವಾದ ಸೆಕೆಗೆ, ವಿಸ್ಕಿ ಮಾಗಲು ಇಟ್ಟ ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲು ಸ್ಕಾಟ್ಲೆಂಡಿಗಿಂತ ಹಲವು ಪಟ್ಟು ಜಾಸ್ತಿ. ಅದೇ ಸೆಕೆಗೆ ಬೇಗ ಮಾಗುತ್ತದೆ ಕೂಡ. ಅಂದಹಾಗೆ, ಅಲ್ಲಿ ಅಗ್ಗ ಅಂತ ಪರವಾನಗಿ ಇಲ್ಲದೆ ಬಾಟಲಿ ಹೊತ್ತು ಚೋರ್ಲಾ ಘಾಟ್ ಹತ್ತಬೇಡಿ. ಅಬಕಾರಿಯವರ ಕೈಗೆ ಸಿಕ್ಕರೆ ಕೇಸು. ಇಲ್ಲಿಯ ಅಂಗಡಿಯಲ್ಲೇ ಕೊಳ್ಳಿ.

ಮೂಗಿನ ಕೆಲಸ ಮೊದಲು

ಊಟಕ್ಕೆ ಮುಂಚೆ ಕೂರಿ. ರಂಜಕ, ಮಿರ್ಚಿ ತಿಂದ ಬಾಯಿಗೆ ಈ ರುಚಿ ಹತ್ತುವುದಿಲ್ಲ. ಕೋಣೆಯಲ್ಲಿ ಊದುಬತ್ತಿ ಉರಿಯುತ್ತಿದ್ದರೆ ಆರಿಸಿ. ಮೈಗೆ ಸೆಂಟ್ ಬೇಡ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸ್ ತೆಗೆದುಕೊಳ್ಳಿ. ಸಣ್ಣ ವೈನ್ ಗ್ಲಾಸ್ ಆದರೂ ನಡೆಯುತ್ತದೆ. ಅಗಲ ಬಾಯಿಯ ಗ್ಲಾಸಿನಲ್ಲಿ ವಾಸನೆ ನಿಲ್ಲುವುದಿಲ್ಲ. 30 ಎಂಎಲ್ ಹಾಕಿ, ಸಾಕು. ಹತ್ತು ನಿಮಿಷ ಸುಮ್ನೆ ಬಿಡಿ.

ಈಗ ಗ್ಲಾಸನ್ನು ಗದ್ದದ ಹತ್ತಿರ ಹಿಡಿದು ನಿಧಾನಕ್ಕೆ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ. ಮೂಗನ್ನು ಒಳಗೇ ತೂರಿಸಿ ಜೋರಾಗಿ ಎಳೆದರೆ ಆಲ್ಕೋಹಾಲ್ ಚುಚ್ಚಿ ಮೂಗು ಮರಗಟ್ಟುತ್ತದೆ. ಒಂದು ಹೊಳ್ಳೆ, ಆಮೇಲೆ ಇನ್ನೊಂದು. ಮೊದಲು ಸಿಗುವುದು ಜೇನು, ಹಣ್ಣು, ಕಿತ್ತಳೆ ಸಿಪ್ಪೆ. ಹೊಗೆ ಅವುಗಳ ಹಿಂದೆ ಎಲ್ಲೋ ಇರುತ್ತದೆ. ಸಿಗಲಿಲ್ಲ ಅಂತ ಅವಸರ ಬೇಡ. ಗ್ಲಾಸ್ ಕೆಳಗಿಟ್ಟು, ನಾಲ್ಕು ಮಾತಾಡಿ, ಮತ್ತೆ ಮೂಸಿ.

ನೀರು, ಹನಿ ಲೆಕ್ಕದಲ್ಲಿ

ಮೊದಲ ಗುಟುಕು ನೀರಿಲ್ಲದೆ ಆಗಲಿ. ತೀರಾ ಚಿಕ್ಕ ಗುಟುಕು. ನಾಲಿಗೆ ಮೇಲೆಲ್ಲ ಹರಿಸಿ, ಸ್ವಲ್ಪ ಹೊತ್ತು ಹಿಡಿದು ನುಂಗಿ. ಆಮೇಲೆ ಚಮಚದಿಂದ ಮೂರ್ನಾಲ್ಕು ಹನಿ ನೀರು ಬಿಡಿ. ನಲ್ಲಿ ನೀರು ಬೇಡ, ಕ್ಲೋರಿನ್ ವಾಸನೆ ಎಲ್ಲವನ್ನೂ ಕೆಡಿಸುತ್ತದೆ. ಫಿಲ್ಟರ್ ನೀರು ಇರಲಿ, ಫ್ರಿಜ್‌ನದು ಬೇಡ.

ನೀರು ಹಾಕಿದರೆ ರುಚಿ ತೆಳುವಾಗಬೇಕು, ಅಲ್ವಾ? ಇಲ್ಲಿ ಹೊಗೆಯ ವಾಸನೆ ಇನ್ನೂ ಎದ್ದು ಬರುತ್ತದೆ. ಅದರಲ್ಲಿ ಗ್ವಾಯಕಾಲ್ ಎಂಬ ಅಂಶವಿದೆ. ಆಲ್ಕೋಹಾಲ್ ಗಾಢವಾಗಿದ್ದರೆ ಅದರ ಕಣಗಳೇ ಗ್ವಾಯಕಾಲನ್ನು ಸುತ್ತುವರಿದು ಒಳಗೆ ಹಿಡಿದಿಡುತ್ತವೆ. ನೀರು ಸೇರಿಸಿ ಶೇ 45 ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸಿದರೆ ಅದು ಮೇಲ್ಮೈಗೆ, ಅಂದರೆ ನಮ್ಮ ಮೂಗಿನ ಕಡೆಗೆ ಬರುತ್ತದೆ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ಇದನ್ನು ತೋರಿಸಿದರು. ಆದರೆ ನೀರು ಅತಿಯಾದರೆ ಎಲ್ಲವೂ ಸಪ್ಪೆ. ಆದ್ದರಿಂದ ಹನಿ ಹಾಕಿ, ಮೂಸಿ, ಗುಟುಕರಿಸಿ. ಬೇಕೆನಿಸಿದರೆ ಮಾತ್ರ ಮತ್ತೆ ಹನಿ. ನನ್ನ ಮಟ್ಟಿಗೆ ಇಡೀ ಸವಿಯ ಗುಟ್ಟು ಈ ಚಮಚದಲ್ಲೇ ಇದೆ.

ನುಂಗಿದ ಮೇಲೂ ಗಮನ ಅಲ್ಲೇ ಇರಲಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಹೊಗೆ ಗಂಟಲಿನಿಂದ ಮೇಲೆ ಬರುತ್ತದೆ. ಕಡಲ ತೀರದ ಮಾಲ್ಟ್‌ನಲ್ಲಿ ಇದೆ ಅನ್ನುವ ಉಪ್ಪಿನ ಸುಳಿವು ಸಿಗುವುದು ಆಗಲೇ. ಕಡಲ ಗಾಳಿ ಪೀಪಾಯಿಯೊಳಗೆ ಹೊಕ್ಕು ಉಪ್ಪಾಗುತ್ತದೆ ಅಂತ ಹೇಳುವುದುಂಟು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಬಟ್ಟಿ ಇಳಿಸುವಾಗ ಉಪ್ಪು ಆವಿಯ ಜೊತೆ ಬರುವುದಿಲ್ಲ. ಎಷ್ಟೋ ಕರಾವಳಿ ಡಿಸ್ಟಿಲರಿಗಳ ಪೀಪಾಯಿಗಳು ಒಳನಾಡಿನ ಗೋದಾಮುಗಳಲ್ಲೇ ಮಾಗುತ್ತವೆ. ಹೊಗೆ, ಓಕ್ ಮರ, ಮಾಲ್ಟ್ ಸೇರಿ ನಾಲಿಗೆಗೆ ಹಾಗೆ ಅನಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಏನೇ ಇರಲಿ, ಆ ರುಚಿ ಸೊಗಸು.

ಜೊತೆಗೆ ತಿನ್ನಲು ಉಪ್ಪಿಲ್ಲದೆ ಹುರಿದ ಶೇಂಗಾ ಸಾಕು. ಕೊನೆಯ ಗುಟುಕಿಗೆ ಒಂದು ಚಮಚ ಕುಂದಾ ಇಟ್ಟುಕೊಳ್ಳಿ. ಹಾಲು ಕಂದುಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಆ ರುಚಿಗೂ ಹಗುರ ಹೊಗೆಗೂ ಚೆನ್ನಾಗಿ ಹೊಂದುತ್ತದೆ. ಅಂದು ಗಾಡಿ ಮುಟ್ಟಬೇಡಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಉಳಿದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಆಲ್ಕೋಹಾಲ್ ತಾಗಿ ಕಾರ್ಕ್ ಹಾಳಾಗುತ್ತದೆ. ಬಿಸಿಲು ಬೀಳದ ಕಪಾಟು ಒಳ್ಳೆಯದು. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿ ಜಾಸ್ತಿಯಾಗಿ ಹೊಗೆ ಮಂಕಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಜೋಪಾನ ಮಾಡದೆ, ಕೆಲವು ತಿಂಗಳೊಳಗೆ ಗೆಳೆಯರೊಂದಿಗೆ ಹಂಚಿಕೊಂಡು ಮುಗಿಸಿ.