ಹಳೇ ವಾಚಿನ ಗ್ಲಾಸು ಧೈರ್ಯವಾಗಿ ಉಜ್ಜಿ, ಬಂಗಾರದ ಕೇಸಿಗೆ ಮಾತ್ರ ಕೈ ಹಗುರ ಇರ್ಲಿ

ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೇ ಮನೆ ಕಪಾಟು ತೆಗೆದ್ರೆ ಒಂದಾದ್ರೂ ಚಾವಿ ಕೊಡೋ ವಾಚು ಸಿಗುತ್ತೆ, ಎಚ್‌ಎಂಟಿ ಜನತಾನೋ, ಮುಂಬೈಯಲ್ಲಿ ಕೆಲ್ಸ ಮಾಡ್ತಿದ್ದ ಅಜ್ಜ ತಂದ ವೆಸ್ಟ್ ಎಂಡೋ. ಗ್ಲಾಸು ಮಬ್ಬಾಗಿ ಮುಳ್ಳೇ ಕಾಣಲ್ಲ ಅಂತ ಸುಮಾರು ಜನ ಗ್ಲಾಸನ್ನೇ ಬದಲಾಯಿಸಿಬಿಡ್ತಾರೆ, ಎಷ್ಟೋ ಸಲ ಅದು ಬೇಕಾಗೇ ಇರಲ್ಲ. ಎಂತಕ್ಕೆ ಅಂದ್ರೆ 1970ರ ದಶಕದವರೆಗಿನ ಬಹಳಷ್ಟು ವಾಚಲ್ಲಿ ಇರೋದು ಗಾಜೇ ಅಲ್ಲ, ಅಕ್ರಿಲಿಕ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್. ಉಗುರಲ್ಲಿ ತಟ್ಟಿ ನೋಡಿ, ಮಂದ ಸದ್ದು ಬಂದ್ರೆ ಅಕ್ರಿಲಿಕ್, ಟಿಣ್ ಅಂದ್ರೆ ಗಾಜು. ಗಾಜಾದ್ರೆ ಮನೇಲಿ ಕಷ್ಟಪಡ್ಬೇಡಿ, ಹೊಸದು ಹಾಕ್ಸಿ.

ಮೊದಲು ಗ್ಲಾಸಿನ ಸುತ್ತ ಕೇಸಿಗೆ, ಅಂದ್ರೆ ವಾಚಿನ ಲೋಹದ ಕವಚಕ್ಕೆ, ಮಾಸ್ಕಿಂಗ್ ಟೇಪ್ ಹಚ್ಚಿ, ಎರಡು ಸುತ್ತು. ಉಗುರು ಗೀರಿನ ಮೇಲೆ ಎಳೆದಾಗ ಸಿಕ್ಕಿಹಾಕ್ಕೊಂಡ್ರೆ ಮಾತ್ರ ಉಜ್ಜೋ ಪೇಪರ್ (ಸ್ಯಾಂಡ್ ಪೇಪರ್) ಬೇಕು, ಇಲ್ಲಾಂದ್ರೆ ನೇರ ಪಾಲಿಶ್ ಪೇಸ್ಟಿಗೆ ಹೋಗಿ. ಕಾರ್ ಪೇಂಟ್ ಅಂಗಡೀಲಿ 1000, 1500, 2000 ನಂಬರಿನ ವಾಟರ್ ಪೇಪರ್ ಸಿಗುತ್ತೆ, ಪೇಪರನ್ನ ಬರೀ ಒದ್ದೆ ಮಾಡ್ಕೊಳ್ಳಿ, ನೀರು ಸುರೀಬೇಡಿ, ವಾಚು ಓಡಿಸೋ ಮಷೀನು ಒಳಗೇ ಇದ್ರಂತೂ ಅಂಚಿಂದ ನೀರು ಇಳಿದುಬಿಡುತ್ತೆ. 1000ದಲ್ಲಿ ಉದ್ದಕ್ಕೆ, 1500ರಲ್ಲಿ ಅಡ್ಡಕ್ಕೆ, 2000ದಲ್ಲಿ ಮತ್ತೆ ಉದ್ದಕ್ಕೆ ಉಜ್ಜಿ, ಹಿಂದಿನ ಪೇಪರಿನ ಗೆರೆ ಪೂರ್ತಿ ಹೋಯ್ತಾ ಅಂತ ಹಂಗೆ ಗೊತ್ತಾಗುತ್ತೆ. ಗ್ಲಾಸು ಗುಮ್ಮಟದ ಹಾಗೆ ಉಬ್ಬಿರೋದ್ರಿಂದ ಬೆರಳು ಒಂದೇ ಕಡೆ ನಿಲ್ಲಬಾರದು, ನಿಂತ್ರೆ ಅಲ್ಲಿ ಚಪ್ಪಟೆಯಾಗಿ ಒಳಗಿನ ಅಂಕಿ ಸೊಟ್ಟ ಕಾಣುತ್ತೆ. ಈ ಹಂತದಲ್ಲಿ ಗ್ಲಾಸು ಪೂರ್ತಿ ಬೆಳ್ಳಗೆ ಮಬ್ಬಾಗುತ್ತೆ, ಹೆದರ್ಬೇಡಿ, ಹಾಗೇ ಆಗ್ಬೇಕು.

ಆಮೇಲೆ ಹಳೇ ಬನಿಯನ್ ಬಟ್ಟೆಗೆ ಪಾಲಿವಾಚ್ (ಅಕ್ರಿಲಿಕ್ ಗ್ಲಾಸಿನ ಪಾಲಿಶ್ ಪೇಸ್ಟ್) ಅಥವಾ ಬ್ರಾಸೋ ಒಂದು ಹನಿ ಹಾಕಿ ಗುಂಡಗೆ ಉಜ್ಜಿ, ಬಿಳಿ ಟೂತ್‌ಪೇಸ್ಟೂ ನಡೆಯುತ್ತೆ, ಜೆಲ್ ಬೇಡ. ಮೋಟಾರು ಬೇಡ, ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತೆ. ಥಿನ್ನರ್, ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್ ಯಾವುದೂ ಹತ್ರ ತರ್ಬೇಡಿ, ಸಣ್ಣ ಸಣ್ಣ ಬಿರುಕು ಬಂದುಬಿಡುತ್ತೆ. ಬಿರುಕು ಬಂದದ್ದು ಯಾವ ಪಾಲಿಶಿಗೂ ಹೋಗಲ್ಲ.

ಇನ್ನು ಕೇಸು. ಇಲ್ಲಿ ನನಗೆ ಹೊಟ್ಟೆ ಉರಿಯೋ ಸಂಗತಿ ಏನಂದ್ರೆ ಒಳ್ಳೊಳ್ಳೆ ಗೋಲ್ಡ್ ಫಿಲ್ಡ್ ಕೇಸನ್ನ ಬಫಿಂಗ್ ಮಷೀನಿಗೆ, ಅಂದ್ರೆ ತಿರುಗೋ ಚಕ್ರದಲ್ಲಿ ಪಾಲಿಶ್ ಮಾಡೋ ಮಷೀನಿಗೆ, ಕೊಟ್ಟು ಹಾಳು ಮಾಡ್ಸೋದು. ಹಿಂದಿನ ಮುಚ್ಚಳ ತೆಗೆದು ಒಳಗಡೆ ಓದಿ. 10ಕೆ ಅಥವಾ 14ಕೆ ಗೋಲ್ಡ್ ಫಿಲ್ಡ್ ಅಂತಿದ್ರೆ ಹಿತ್ತಾಳೆಯಂಥ ಲೋಹದ ಮೇಲೆ ಬಂಗಾರದ ತಗಡು ಒತ್ತಿ ಕೂರಿಸಿದ್ದು, 1/20 ಅಂತ ಇದ್ರೆ ತೂಕದಲ್ಲಿ ಇಪ್ಪತ್ತರಲ್ಲೊಂದು ಪಾಲು ಆ ಕ್ಯಾರಟ್ಟಿನ ಬಂಗಾರ. ಸ್ವಿಸ್ ವಾಚಲ್ಲಿ 20 ಮೈಕ್ರಾನ್ ಅಂತಿದ್ರೆ ಪದರ ಬರೀ 0.02 ಮಿಲಿಮೀಟರ್. ಗಟ್ಟಿ ಬಂಗಾರಕ್ಕೆ ಹಿಡಿದ ಹಾಗೆ ಇದನ್ನ ಚಕ್ರಕ್ಕೆ ಹಿಡಿದ್ರೆ ಪಟ್ಟಿ ಸಿಗಿಸೋ ಕಿವಿಗಳ ತುದೀಲಿ ಮೊದಲು ಹಿತ್ತಾಳೆ ಕಾಣುತ್ತೆ, ಆಮೇಲೆ ಅಂಚಲ್ಲಿ. ಸುತ್ತ ಬಂಗಾರ ಹೊಳೀತಿದ್ರೂ ಅಷ್ಟು ಜಾಗ ಮಾತ್ರ ಸ್ವಲ್ಪ ದಿನದಲ್ಲೇ ಕಂದು ತಿರುಗುತ್ತೆ. ಆಮೇಲೆ ಮರುಲೇಪ ಒಂದೇ ದಾರಿ, ಅದು ಸಾಮಾನ್ಯವಾಗಿ ಮೊದಲಿನಷ್ಟು ದಪ್ಪ ಬರಲ್ಲ.

ಹಾಗಾಗಿ ಕೇಸನ್ನ ತೊಳೀರಿ ಸಾಕು. ವಾಚ್ ರಿಪೇರಿಯವರ ಹತ್ರ ಮಷೀನು, ಡಯಲ್ಲು ಹೊರಗೆ ತೆಗೆಸಿ, ಬರೀ ಕೇಸನ್ನ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಮೆತ್ತನೆ ಬ್ರಶ್ಶಲ್ಲಿ ತಿಕ್ಕಿ. ಬಂದರಿನ ಉಪ್ಪು ಗಾಳಿ, ಬೆವರು ಸೇರಿ ಕಿವಿಗಳ ಕೆಳಗೆ ಹಸಿರು ಕಿಲುಬು ಕಟ್ಟಿರುತ್ತೆ, ಅದನ್ನ ಮರದ ಟೂತ್‌ಪಿಕ್‌ನಿಂದ ಕೆರೀರಿ, ಸೂಜಿ ಬೇಡ. ಪೂರ್ತಿ ಒಣಗಿದ ಮೇಲೆ ಬಂಗಾರ ಒರೆಸೋ ರೂಜ್ ಬಟ್ಟೇಲಿ ನಾಕೈದು ಸಲ ಹಗುರಾಗಿ ಎಳೀರಿ. ಆಳದ ಗೀರು ಇದ್ರೆ ಇರ್ಲಿ ಬಿಡಿ, ಅದನ್ನ ತೆಗೀಬೇಕಂದ್ರೆ ಸುತ್ತಲಿನ ಬಂಗಾರವನ್ನೂ ಅಷ್ಟೇ ಆಳಕ್ಕೆ ಸವೆಸಬೇಕು.

ಇನ್ನೆರಡು ಮಾತು. ಡಯಲ್ಲಿನ ಅಂಕಿ ಮೇಲೆ ಕಂದುಬಣ್ಣಕ್ಕೆ ತಿರುಗಿದ ಹಳೇ ರೇಡಿಯಂ ಬಣ್ಣ (ಕತ್ತಲಲ್ಲಿ ಹೊಳೀಲಿ ಅಂತ ಹಚ್ತಿದ್ದ ವಿಕಿರಣದ ಬಣ್ಣ) ಇದ್ರೆ ಮನೇಲಿ ಬಿಚ್ಚೋದೇ ಬೇಡ, ಆ ಪುಡಿ ಉಸಿರಿಗೆ ಹೋಗಬಾರದು. ಜೂನಿಂದ ಸೆಪ್ಟೆಂಬರ್‌ವರೆಗೂ ಕರಾವಳೀಲಿ ಆಗ್ಲಿ ಮೇಲೆ ಶಿರಸೀಲಿ ಆಗ್ಲಿ ಮುಚ್ಚಳ ತೆಗೀಬೇಡಿ, ಒಳಗೆ ಸೇರಿದ ತೇವ ಗ್ಲಾಸಿನ ಕೆಳಗೆ ಮಂಜಾಗಿ ಕೂತು ಮುಳ್ಳಿಗೆ ತುಕ್ಕು ಹಿಡಿಸುತ್ತೆ. ಡಿಸೆಂಬರ್, ಜನವರಿಯ ಒಣಗಾಳೀಲಿ ಈ ಕೆಲ್ಸ ಇಟ್ಕೊಳ್ಳಿ, ಮಳೆಗಾಲದಲ್ಲಿ ವಾಚನ್ನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬೀಲಿ ಹಾಕಿಡಿ.