ಪೂರ್ವಾಪರ ತಪಾಸಣೆಯ ಫಾರಂ ತುಂಬುವ ಮುನ್ನ

ರತ್ನಹಳ್ಳಿಯ ಅಣುಶಕ್ತಿ ಇಲಾಖೆಯ ಘಟಕಕ್ಕೋ ಮೈಸೂರಿನ ನೋಟು ಮುದ್ರಣಾಲಯಕ್ಕೋ ಆಯ್ಕೆಯಾದ ಮಂಡ್ಯ ಸೀಮೆಯ ಯುವಜನರ ಕೈಗೆ ಅಟೆಸ್ಟೇಶನ್ ಫಾರಂ (ಪೂರ್ವಾಪರ ತಪಾಸಣೆಗಾಗಿ ತುಂಬಿಕೊಡುವ ವಿವರಪತ್ರ) ಬಂದಾಗ, ಅವರ ಪೆನ್ನು ನಿಲ್ಲುವುದು ಒಂದೇ ಅಂಕಣದಲ್ಲಿ: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ದಂಡ ವಿಧಿಸಲಾಗಿತ್ತೇ, ಯಾವುದಾದರೂ ಕೇಸು ಬಾಕಿ ಇದೆಯೇ? ಕಾವೇರಿ ಚಳವಳಿಯಲ್ಲಿ ಹೆದ್ದಾರಿ ತಡೆದು ಕೇಸು ಹಾಕಿಸಿಕೊಂಡವರು ಅಲ್ಲಿ ‘ಇಲ್ಲ’ ಎಂದು ಬರೆದುಬಿಡುವುದುಂಟು. ದಯವಿಟ್ಟು ಹಾಗೆ ಬರೆಯಬೇಡಿ.

ಮೊದಲು ಠಾಣೆಗೆ ಹೋಗಿ ಎಫ್‌ಐಆರ್ ನಂಬರನ್ನೂ ಕಲಂಗಳನ್ನೂ ಬರೆದುಕೊಳ್ಳಿ. ಆ ನಂಬರ್ ಹಿಡಿದು ನ್ಯಾಯಾಲಯದಲ್ಲಿ ವಿಚಾರಿಸಿ, ಬಿ ರಿಪೋರ್ಟ್ (ಕೇಸು ಮುಚ್ಚಲು ಪೊಲೀಸರು ಕೊಡುವ ವರದಿ) ಆಗಿದೆಯೋ, ಖುಲಾಸೆಯಾಗಿದೆಯೋ, ಇನ್ನೂ ನಡೆಯುತ್ತಿದೆಯೋ ತಿಳಿದುಕೊಂಡು, ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸರ್ಕಾರ ಕೇಸು ಹಿಂಪಡೆದಿದೆ ಎಂಬ ಪತ್ರಿಕೆಯ ಸುದ್ದಿಯನ್ನಷ್ಟೇ ನಂಬಬೇಡಿ. ಸಂಪುಟ ತೀರ್ಮಾನಿಸಿದ ಮೇಲೂ ನ್ಯಾಯಾಲಯ ಒಪ್ಪುವವರೆಗೆ ಕೇಸು ಜೀವಂತವಾಗಿಯೇ ಇರುತ್ತದೆ.

ಪಕ್ಷ ಅಥವಾ ಸಂಘಟನೆಯಲ್ಲಿದ್ದೆನೆಂಬ ಅಳುಕು ಬೇರೆಯದು, ಅದಕ್ಕೊಂದು ಚರಿತ್ರೆಯಿದೆ. ಇಂದಿನ ಕೇಂದ್ರ ಗುಪ್ತಚರ ದಳದ (ಐಬಿ) ಮೂಲವಾದ ಸೆಂಟ್ರಲ್ ಸ್ಪೆಷಲ್ ಬ್ರಾಂಚನ್ನು ಬ್ರಿಟಿಷರು 1887ರಲ್ಲಿ ಕಟ್ಟಿದ್ದೇ ಜನರ ರಾಜಕೀಯ ಚಟುವಟಿಕೆಯ ಮಾಹಿತಿ ಕಲೆಹಾಕಲು. ಸ್ವಾತಂತ್ರ್ಯ ಬಂದ ಮೇಲೂ ಆ ರೂಢಿ ಅಳಿಯಲಿಲ್ಲ. ಹಿಂದೆ ಆರ್‌ಎಸ್‌ಎಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಇದ್ದರೆಂಬ ಪೊಲೀಸ್ ವರದಿಯ ಮೇಲೆ ಮಧ್ಯಪ್ರದೇಶದ ಶಿಕ್ಷಕರೊಬ್ಬರನ್ನು ಸೇವೆಯಿಂದ ತೆಗೆದದ್ದನ್ನು ಸುಪ್ರೀಂ ಕೋರ್ಟ್ 1983ರಲ್ಲಿ ಒಪ್ಪಲಿಲ್ಲ. ರಾಜಕೀಯ ನಂಬಿಕೆಯ ಕಾರಣಕ್ಕೆ ಅನ್ನ ಕಸಿಯಬಾರದೆಂದು ನಂಬುವವರೆಲ್ಲರೂ ಓದಬೇಕಾದ ತೀರ್ಪು ಅದು.

ಅದೇ ಕೋರ್ಟ್ 2016ರ ಜುಲೈನಲ್ಲಿ, ಅವತಾರ್ ಸಿಂಗ್ ಪ್ರಕರಣದಲ್ಲಿ, ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಇಲಾಖೆ ಅದನ್ನು ತನ್ನ ವಿವೇಚನೆಯಂತೆ ಕಡೆಗಣಿಸಬಹುದು ಎಂದಿತು. ಆದರೆ ‘ಕಡೆಗಣಿಸಬಹುದು’ ಎಂಬುದು ನಿಮ್ಮ ಹಕ್ಕಲ್ಲ. ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಇಲ್ಲ. ಆದರೂ ಸಣ್ಣ ಕೇಸಿಗಿಂತ ಅದನ್ನು ಮರೆಮಾಚಿದ್ದೇ ದೊಡ್ಡ ತಪ್ಪಾಗಿಬಿಡುತ್ತದೆ.

ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ವಿಳಾಸಗಳನ್ನೆಲ್ಲ ಕೊಡಿ. ಓದುವಾಗ ಸರಸ್ವತಿಪುರಂನಲ್ಲಿದ್ದ ಬಾಡಿಗೆ ಕೋಣೆಯನ್ನು ಮರೆಯಬೇಡಿ, ಏಕೆಂದರೆ ಅಲ್ಲಿಯ ವಿಚಾರಣೆ ಮೈಸೂರು ಪೊಲೀಸರಿಗೆ ಸೇರುತ್ತದೆ, ಮಂಡ್ಯದವರಿಗಲ್ಲ. ಗುಪ್ತಚರ ದಳದಿಂದ ವರದಿ ಹೋದರೆ ಅದನ್ನು ಓದುವ ಅವಕಾಶವೂ ಸಿಗುವುದು ಕಷ್ಟ: ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ, 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಆ ದಳವನ್ನು ಹೊರಗಿಟ್ಟಿದೆ. ಆದ್ದರಿಂದ ತುಂಬಿದ ಫಾರಂನ ಪ್ರತಿ ಪುಟದ ಜೆರಾಕ್ಸನ್ನು ಸಹಿ, ದಿನಾಂಕಗಳೊಂದಿಗೆ ತೆಗೆದಿಟ್ಟುಕೊಂಡ ಮೇಲೆಯೇ ಮೂಲವನ್ನು ಕಳುಹಿಸಿ.